ಹೊಗೆಯಿಲ್ಲದ ಹೊರಬೀಡು

ಸೀಗೆಕುಂಟೆಯ ಹೊರಬೀಡು ಗಂಡಸರಿಗೆ ಹಬ್ಬ, ಮಕ್ಕಳಿಗೆ ರಜೆ. ಹೆಂಗಸರಿಗೆ ಮಾತ್ರ ಒಂದೇ ದಿನದಲ್ಲಿ ಎರಡು ಸಲ ಮನೆ ಖಾಲಿ ಮಾಡಿದ ಹಾಗೆ. ಬೆಳಿಗ್ಗೆ ಊರಿನಿಂದ ಗುಡ್ಡಕ್ಕೆ, ಸಂಜೆ ಗುಡ್ಡದಿಂದ ಊರಿಗೆ. ಪಾತ್ರೆ, ಸೌದೆ, ನೀರು, ರಾಗಿಹಿಟ್ಟು, ರುಬ್ಬಿದ ಖಾರ, ಚಾಪೆ, ಮಗುವಿನ ಬಟ್ಟೆ, ಮಾವನ ಮಾತ್ರೆ, ಎಲ್ಲಕ್ಕೂ ಕಾಲು ಮೂಡಿದ್ದರೆ ಚೆನ್ನಾಗಿತ್ತು. ಮೂಡದ ಕಾರಣ ಅವೆಲ್ಲ ಹೆಂಗಸರ ತಲೆ ಏರುತ್ತಿದ್ದವು.

ಪದ್ಧತಿ ಹಳೆಯದು. ಅಶ್ವಿನಿ ಮಳೆ ಹುಸಿಹೋಗಿ ಭರಣಿಯೂ ಮುಖ ತೋರಿಸದ ವರ್ಷ, ಊರಿನವರೆಲ್ಲ ಒಂದು ಮಂಗಳವಾರ ಹೊತ್ತು ಹುಟ್ಟುವ ಮೊದಲೇ ಮನೆಗೆ ಬೀಗ ಹಾಕಿ, ಊರಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮುನೇಶ್ವರನ ಗುಡ್ಡ ಸೇರಬೇಕು. ಹೊತ್ತು ಮುಳುಗುವ ತನಕ ಊರೊಳಗೆ ನರಪಿಳ್ಳೆ ಇರಬಾರದು, ಒಂದು ಒಲೆಯೂ ಹೊಗೆಯಾಡಬಾರದು. ಬಿಕೋ ಎನ್ನುವ ಊರನ್ನು ಕಂಡು ಮಳೆರಾಯನ ಕರುಳು ಕರಗುತ್ತದೆ ಎಂದು ನಂಬಿಕೆ. ಊರೊಳಗೆ ಒಲೆ ಹಚ್ಚಬೇಡಿ ಎಂದ ಹಿರಿಯರು ಊರಾಚೆ ಹಚ್ಚಬೇಡಿ ಎಂದೇನೂ ಹೇಳಿರಲಿಲ್ಲ. ಹಾಗಾಗಿ ಗುಡ್ಡದ ಮೇಲೆ ಮನೆಗೊಂದು ಒಲೆ ಹೂಡಿ, ಮರಿ ಕುಯ್ದು, ಮುದ್ದೆ ತೊಳಸಿ, ಬಿಸಿಲಲ್ಲಿ ಬೆಂದು ಬಡಿಸುವುದು ನಡೆದುಕೊಂಡು ಬಂದಿತ್ತು. ಗಂಡಸರು ಮರದ ನೆರಳಲ್ಲಿ ಇಸ್ಪೀಟೆಲೆ ಆಡುತ್ತ, "ಸಾರಿಗೆ ಖಾರ ಸಾಲ್ದು ಕಣಮ್ಮಿ" ಎಂದು ಮಳೆಗೆ ತಮ್ಮ ಪಾಲಿನ ಪ್ರಾರ್ಥನೆ ಸಲ್ಲಿಸುತ್ತಿದ್ದರು.

ಈಗ ಊರು ಎನ್ನುವುದಕ್ಕೆ ಉಳಿದಿರುವುದು ಎರಡು ಬೀದಿ. ಅಬ್ಬಿಗೆರೆ ದಾಟಿ ಚಿಕ್ಕಬಾಣಾವರದ ಕಡೆ ತಿರುಗಿದರೆ ಬಾಡಿಗೆ ಮನೆಗಳ ನಡುವೆ ಸಿಕ್ಕಿಕೊಂಡಿರುವ ಆ ಎರಡು ಬೀದಿಯೇ ಸೀಗೆಕುಂಟೆ. ರಾಗಿ ಬೆಳೆಯುತ್ತಿದ್ದ ಹೊಲಗಳು ಸೈಟುಗಳಾದವು, ಸೈಟುಗಳು ಮೂರಂತಸ್ತಿನ ಕಟ್ಟಡಗಳಾದವು. ಮಳೆ ಬಂದರೆ ಬೆಳೆಯುವುದಕ್ಕೆ ಯಾರ ಹತ್ತಿರವೂ ಹೊಲವಿಲ್ಲ. ಆದರೆ ಬೋರ್‌ವೆಲ್ ಎಲ್ಲರ ಹತ್ತಿರ ಇದೆ. ಅದು ಬತ್ತಿದ ವರ್ಷ ಹೊರಬೀಡು ತಾನಾಗಿ ನೆನಪಾಗುತ್ತದೆ.

ಅಂಜಿನಮ್ಮ ಈ ಊರಿಗೆ ಸೊಸೆಯಾಗಿ ಬಂದವಳು ನಾಗಸಂದ್ರದಿಂದ. ಮೆಟ್ರೊ ಬರುವುದಕ್ಕೆ ಮುಂಚಿನ, ತುಮಕೂರು ರಸ್ತೆಯಲ್ಲಿ ಎಮ್ಮೆಗಳು ಅಡ್ಡ ಬರುತ್ತಿದ್ದ ನಾಗಸಂದ್ರ. ಗಂಡ ಚಿಕ್ಕಬೈರಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ವಾಚ್‌ಮನ್. ಅವಳು ಟಿ. ದಾಸರಹಳ್ಳಿಯ ಮೆಸ್ಸೊಂದರಲ್ಲಿ ಚಪಾತಿ ಬೇಯಿಸುತ್ತಾಳೆ. ಮನೆಯ ಒಲೆ ಮುಗಿಸಿ ಮೆಸ್ಸಿನ ಒಲೆಗೆ, ಮೆಸ್ಸಿನ ಒಲೆ ಆರಿಸಿ ಮತ್ತೆ ಮನೆಯ ಒಲೆಗೆ. ಅವಳ ಮುಂಗೈಯಲ್ಲಿ ಕೂದಲು ಬೆಳೆಯುವುದನ್ನು ಬಿಟ್ಟೇ ವರ್ಷಗಳಾಗಿದ್ದವು. ಬಳೆ ತೊಡಿಸುವಾಗ ಬಳೆಗಾರ, "ಏನ್ ನುಣುಪು ಕೈಯಮ್ಮ ನಿಂದು!" ಎಂದರೆ, "ಗ್ಯಾಸ್ ಒಲೆ ಕ್ಷೌರ ಮಾಡ್ತದೆ ಕಣಪ್ಪ, ದಿನಾ ಪುಕ್ಸಟ್ಟೆ" ಎನ್ನುತ್ತಿದ್ದಳು.

ಆ ಬೇಸಿಗೆ ಮಾತ್ರ ನಗುವ ಬೇಸಿಗೆಯಾಗಿರಲಿಲ್ಲ. ಬೆಂಗಳೂರಿನಲ್ಲಿ ಇಂಥ ಬಿಸಿಲು ಯಾವತ್ತೂ ಕಂಡಿಲ್ಲವೆಂದು ಮುದುಕರೇ ಹೇಳುತ್ತಿದ್ದರು. ಟ್ಯಾಂಕರ್ ಬಂದರೆ ಮದುವೆ ದಿಬ್ಬಣ ಬಂದ ಹಾಗೆ ಬೀದಿಯೆಲ್ಲ ಓಡಿ ಬರುತ್ತಿತ್ತು. ಮೆಸ್ಸಿನ ಕಾವಲಿಯ ಮುಂದೆ ಅಂಜಿನಮ್ಮ ಎರಡು ಸಲ ತಲೆ ಸುತ್ತಿ ಕುಸಿದಳು. ಮಾಲೀಕ ಪಾಪ, ಒಂದು ಟೇಬಲ್ ಫ್ಯಾನ್ ತಂದಿಟ್ಟ. ಫ್ಯಾನು ತಿರುಗಿದರೆ ಗ್ಯಾಸಿನ ಉರಿ ಆರುತ್ತಿತ್ತು. ಆದ್ದರಿಂದ ಅದನ್ನು ಉಣ್ಣುವವರ ಕಡೆಗೆ ತಿರುಗಿಸಿದ.

ಹೊರಬೀಡಿನ ಮಾತುಕತೆಗೆ ರಾಮಮಂದಿರದ ಜಗಲಿಯ ಮೇಲೆ ಊರು ಸೇರಿದಾಗ, ಅವಳ ತಲೆಯಲ್ಲಿ ಇದ್ದದ್ದು ಒಂದೇ ವಿಚಾರ. ಗುಡ್ಡದ ಮೇಲೆ, ಆ ಬಿಸಿಲಲ್ಲಿ, ಕಲ್ಲು ಹೂಡಿದ ಸೌದೆ ಒಲೆಯ ಮುಂದೆ ಈ ಸಲ ತಾನು ಕೂತರೆ ಮೇಲೇಳುವುದಿಲ್ಲ.

ಆ ಸಭೆಗೆ ಅರಣ್ಯ ಇಲಾಖೆಯ ಗಾರ್ಡ್ ಮಧುಶ್ರೀ ಕೂಡ ಬಂದಿದ್ದಳು. ಖಾಕಿ ತೊಟ್ಟ, ಇನ್ನೂ ಎಳೆಯ ಮುಖದ ಹುಡುಗಿ. "ಪೂಜೆ ಮಾಡ್ಕೊಳ್ಳಿ, ಊಟ ಮಾಡ್ಕೊಳ್ಳಿ, ಯಾರೂ ಬೇಡ ಅನ್ನಲ್ಲ. ಬೆಂಕಿ ಮಾತ್ರ ಹಚ್ಚೋ ಹಾಗಿಲ್ಲ. ಬಾದೆ ಹುಲ್ಲು ಎದೆ ಮಟ್ಟ ಒಣಗಿ ನಿಂತಿದೆ. ಪಕ್ಕದಲ್ಲೇ ನೀಲಗಿರಿ ತೋಪು, ಅದರ ಎಲೇಲಿ ಎಣ್ಣೆ. ಹೋದ ತಿಂಗಳು ಹಿಂದಿನ ಮಗ್ಗುಲು ಉರಿದಿದ್ದು ನೋಡಿದ್ರಲ್ಲ? ಅದಕ್ಕೆ ಒಂದು ಬೀಡಿ ತುಂಡು ಸಾಕಾಯ್ತು" ಎಂದಳು.

ಊರ ಯಜಮಾನ ಮುನಿರಾಮಯ್ಯ ಕೋಲನ್ನು ನೆಲಕ್ಕೆ ಕುಟ್ಟಿದ. "ಅಲ್ಲ ಕಣಮ್ಮ, ಊರೊಳಗೆ ಒಲೆ ಅಚ್ಚಂಗಿಲ್ಲ, ಅದು ದೇವ್ರ ಕಟ್ಟು. ಗುಡ್ಡದಾಗೆ ಅಚ್ಚಂಗಿಲ್ಲ, ಇದು ನಿನ್ ಕಟ್ಟು. ಇನ್ನೇನು ಒಲೇನ ಗಾಳೀಲಿ ತೂಗಾಕ್ಬೇಕಾ?"

"ಓಟ್ಲಿಂದ ಪಾರ್ಸಲ್ ತರ್ಸಾನ ಬಿಡು ದೊಡ್ಡಯ್ಯ" ಎಂದ ಚಿಕ್ಕಬೈರಪ್ಪ.

"ಊರ ಒಲೆ ಆರ್ಸಿ ಓಟ್ಲು ಒಲೆ ಉರ್ಸಿದ್ರೆ ಮಳೆರಾಯ ಓಟ್ಲು ಮ್ಯಾಲೆ ಉಯ್ದು ಓಯ್ತಾನೆ ಕಣ್ಲಾ!"

ಎಲ್ಲರೂ ನಕ್ಕರು. ನಗು ಅಡಗುವಷ್ಟರಲ್ಲಿ ಹೆಂಗಸರು ನಿಂತಿದ್ದ ಕಂಬದ ಕಡೆಯಿಂದ ಅಂಜಿನಮ್ಮನ ಗಂಟಲು ಎದ್ದಿತು. "ಒಲೆ ಇಲ್ದಂಗೇ ಓಗಾನ."

"ಊರ್ನ ಉಪಾಸ ಕೆಡವ್ತೀಯಾ?" ಎಂದ ಮುನಿರಾಮಯ್ಯ.

"ಯಾಕ್ ಉಪಾಸ ಮಾವ? ಬೇಳೆ ನೆನೆಸಿದ್ರೆ ಕೋಸಂಬರಿ. ಅವಲಕ್ಕಿ ನೆನೆಸಿದ್ರೆ ಊಟ. ಬೆಲ್ಲ ಕರಗ್ಸಿದ್ರೆ ಪಾನಕ. ಬೆಂಕಿ ಕೇಳ್ದೆ ಇರೋ ತಿಂಡಿ ಬೇಕಾದಷ್ಟದೆ. ನಾವ್ ಕೇಳಿಲ್ಲ ಅಷ್ಟೆ."

"ಮತ್ತೆ ಮರಿ?" ಇದು ಚಿಕ್ಕಬೈರಪ್ಪ. ದನಿಯಲ್ಲಿ ನಿಜವಾದ ಸಂಕಟವಿತ್ತು.

"ಮರಿ ಈ ವರ್ಷ ಬದುಕ್ಕಳ್ಳಿ ಬಿಡಯ್ಯ."

ಮಧುಶ್ರೀ ಕೂಡ ನಕ್ಕುಬಿಟ್ಟಳು. ಒಪ್ಪದೆ ಬೇರೆ ದಾರಿ ಇಲ್ಲದ್ದರಿಂದ ಮುನಿರಾಮಯ್ಯ ಒಪ್ಪಿದ. ಮನೆಗೆ ಬರುವಾಗ ಅಂಜಿನಮ್ಮನ ಕಾಲು ನೆಲದ ಮೇಲಿರಲಿಲ್ಲ. ಒಲೆ ಇಲ್ಲ ಅಂದರೆ ಕೆಲಸ ಇಲ್ಲ. ಇಡೀ ಒಂದು ದಿನ. ಮದುವೆಯಾದ ಮೇಲೆ ಅಂಥದ್ದೊಂದು ದಿನ ಬಂದ ನೆನಪು ಅವಳಿಗಿರಲಿಲ್ಲ. ಹೆರಿಗೆಯ ದಿನವೂ ಬೆಳಿಗ್ಗೆ ಮುದ್ದೆ ತೊಳಸಿಯೇ ಆಸ್ಪತ್ರೆಗೆ ಹೋಗಿದ್ದಳು.

ಅವಳ ಲೆಕ್ಕ ತಪ್ಪಿತ್ತೆಂದು ಗೊತ್ತಾಗಿದ್ದು ಸೋಮವಾರ. ಬೇಳೆ ತಾನಾಗಿ ನೆನೆಯುವುದಿಲ್ಲ, ಯಾರೋ ಆರಿಸಿ ತೊಳೆದು ನೆನೆಹಾಕಬೇಕು. ಸೌತೆಕಾಯಿಯ ತೊಟ್ಟು ತಿಕ್ಕಿ ಕಹಿ ನೋಡಿ ಹೆಚ್ಚಬೇಕು. ಕಾಯಿ ತುರಿಯಬೇಕು, ಅವಲಕ್ಕಿ ಕುಟ್ಟಬೇಕು, ಹುಣಸೆಹಣ್ಣು ಕಿವುಚಬೇಕು, ಬೆಲ್ಲ ಜಜ್ಜಬೇಕು, ಏಲಕ್ಕಿ ಪುಡಿ ಮಾಡಬೇಕು, ಡ್ರಮ್ಮುಗಟ್ಟಲೆ ಮಜ್ಜಿಗೆ ಕಡೆಯಬೇಕು. ಬೀದಿಯ ಹೆಂಗಸರೆಲ್ಲ ಅಂಜಿನಮ್ಮನ ಹಜಾರದಲ್ಲಿ ಈಳಿಗೆಮಣೆ ಹಾಕಿಕೊಂಡು ಕೂತರು. ಗಂಡಸರು ಶಾಮಿಯಾನ ಗೊತ್ತು ಮಾಡಲು ಹೋದವರು ಶಾಮಿಯಾನದವನ ಜೊತೆ ಕಾಫಿ ಕುಡಿಯಲು ಹೋದರು.

ಸೊಸೆ ವನಿತಾ ಯಶವಂತಪುರದ ಬಟ್ಟೆ ಶೋರೂಮಿನಲ್ಲಿ ದಿನವಿಡೀ ನಿಂತು ಬಂದವಳು, ಕೈ ತೊಳೆದು ತುರಿಯಲು ಕೂತಳು. ಮೂರನೇ ಕಾಯಿಗೆ ಬಂದಾಗ ತಲೆ ಎತ್ತಿದಳು. "ಅತ್ತೆ, ರಜಾ ಸಿಕ್ಕಿರೋದು ಒಲೆಗೆ. ನಮಗಲ್ಲ."

ಅಂಜಿನಮ್ಮ ಬೆಲ್ಲ ಜಜ್ಜುತ್ತಿದ್ದವಳು ಗುಂಡುಕಲ್ಲು ಹಿಡಿದೇ ಅವಳ ಮುಖ ನೋಡಿದಳು. "ನಾಳೆ ಕೂತ್ಕಳಾನ ಬಿಡವ್ವ" ಎಂದಳು.

ನಾಳೆ ಕೂತದ್ದು ನಿಜ. ಮಂಗಳವಾರ ಹೊತ್ತಿಗೆ ಮುಂಚೆ ಊರು ಬೀಗ ಹಾಕಿಕೊಂಡಿತು. ಬಾಡಿಗೆದಾರರು ಅಂದು ತಮ್ಮ ತಮ್ಮ ನೆಂಟರ ಮನೆಗೋ ಕೆಲಸಕ್ಕೋ ಹೋದರು. ಅಂಜಿನಮ್ಮನ ಮಹಡಿಯ ಬಾಡಿಗೆದಾರ ಮುಬೀನ್ ಮಾತ್ರ ತನ್ನ ಟೆಂಪೊದಲ್ಲಿ ಡ್ರಮ್ಮು, ಪಾತ್ರೆಗಳನ್ನೆಲ್ಲ ಗುಡ್ಡಕ್ಕೆ ಸಾಗಿಸಿ, "ಮಳೆ ನಮಗೂ ಬೇಕಲ್ಲ ಅಂಜಿನಕ್ಕ" ಎಂದು ಅಲ್ಲೇ ಉಳಿದ. ಮುನೇಶ್ವರನಿಗೆ ಪೂಜೆಯಾಯಿತು. ಬಡಿಸಿದ್ದೂ ಆಯಿತು. ಬಿಸಿ ಹಿಡಿಯುವ ಬಟ್ಟೆ ಬೇಡ, ಊದುಗೊಳವೆ ಬೇಡ, ಕಣ್ಣುರಿ ಬೇಡ. ಅಂಜಿನಮ್ಮ ಹೊಂಗೆ ಮರದ ಕೆಳಗೆ ಚಾಪೆ ಬಿಚ್ಚಿ ಮಲಗಿಯೇಬಿಟ್ಟಳು. ಗಂಡಸರೆಲ್ಲ ಓಡಾಡುತ್ತಿರುವಾಗ, ಹಾಡಹಗಲು, ಕಾಲು ನೀಡಿಕೊಂಡು. ಮೊದಮೊದಲು ಸೀರೆಯ ನೆರಿಗೆ ಎಳೆದೆಳೆದು ಪಾದ ಮುಚ್ಚಿಕೊಂಡಳು. ಆಮೇಲೆ ಅದನ್ನೂ ಬಿಟ್ಟಳು. ಎಲೆಯ ನಡುವೆ ಚೂರು ಚೂರು ಬಿಳಿ ಆಕಾಶ. ಪಕ್ಕದಲ್ಲಿ ಯಾರೋ ಹೇಳುತ್ತಿದ್ದ ನಾದಿನಿ ಕತೆ. ಇಷ್ಟೇನಾ ಸುಖ ಅಂದರೆ ಎಂದುಕೊಂಡಳು. ಇಷ್ಟು ಸುಲಭವಾ?

ಅವಳ ಇನ್ನೊಂದು ಲೆಕ್ಕವೂ ತಪ್ಪಿತ್ತೆಂದು ಸ್ವಲ್ಪ ಹೊತ್ತಿಗೇ ತಿಳಿಯಿತು. ಕೋಸಂಬರಿಯನ್ನು ಜನ ಹಬ್ಬದ ಎಲೆಯ ಮೂಲೆಯಲ್ಲಿ ತಿನ್ನುವಷ್ಟೇ ತಿನ್ನುತ್ತಾರೆಂದು ಅವಳು ಅಳತೆ ಹಾಕಿದ್ದಳು. ಬೇರೇನೂ ಇಲ್ಲದಾಗ ಜನ ಅದನ್ನೇ ಮುದ್ದೆಯ ಲೆಕ್ಕದಲ್ಲಿ ತಿಂದರು. ಮಧ್ಯಾಹ್ನಕ್ಕೆ ಮುಂಚೆಯೇ ಪಾತ್ರೆಗಳು ತಳ ಕಂಡವು. ಮಜ್ಜಿಗೆ, ಪಾನಕ ಮಾತ್ರ ಉಳಿದಿದ್ದವು. "ಮೊಲ ಮೇಯ್ದಂಗೆ ಮೇಯ್ದಾಯ್ತು, ಊಟ ಯಾವಾಗಮ್ಮ?" ಎಂದು ಒಬ್ಬ ಕೇಳಿದ. ಅವಳು ಕಣ್ಣು ಮುಚ್ಚಿ ನಿದ್ದೆ ಬಂದವಳ ಹಾಗೆ ಮಾಡಿದಳು.

ಕಣ್ಣು ತೆರೆದಾಗ ಹೊಂಗೆ ಮರದ ಸುತ್ತ ಗಂಡಸರು ಕಡಿಮೆಯಾಗಿದ್ದರು. ತೋಪಿನ ಕಡೆಯ ಆನೆಬಂಡೆಯ ಹಿಂದಿನಿಂದ ನೂಲಿನಂಥದ್ದೊಂದು ಹೊಗೆ ಏಳುತ್ತಿತ್ತು. ಜೊತೆಗೆ ವಾಸನೆ. ಈರುಳ್ಳಿ ಬಾಡಿಸದೆ ಖಾರ ಸುರಿದ ಹಸಿ ಮಸಾಲೆಯ ವಾಸನೆ. ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಮಾಂಸ ಮೊದಲೇ ತಂದು ಟೆಂಪೊದಲ್ಲಿ ಪಾತ್ರೆಗಳ ಅಡಿ ಬಚ್ಚಿಟ್ಟಿದ್ದರು.

ಎದ್ದು ಹೋಗಿ ಬೈಯಬೇಕು. ಆದರೆ ಹೋದರೆ ಏನಾಗುತ್ತದೆ ಎನ್ನುವುದೂ ಅವಳಿಗೆ ಗೊತ್ತಿತ್ತು. "ಬಂದ್ಯಾ, ಉಪ್ಪು ಒಸಿ ನೋಡು" ಎನ್ನುತ್ತಾರೆ. ಉಪ್ಪು ನೋಡಿದರೆ ಸೌಟು ಕೈಗೆ ಬರುತ್ತದೆ. ಸೌಟು ಕೈಗೆ ಬಂದರೆ ಕುಕ್ಕರುಗಾಲಲ್ಲಿ ಕೂರುತ್ತಾಳೆ. ದಿನ ಅಲ್ಲಿಗೆ ಮುಗಿಯಿತು. ಅಂಜಿನಮ್ಮ ಮಗ್ಗುಲು ಬದಲಿಸಿ ಬೆನ್ನು ಹೊಗೆಯ ಕಡೆ ಮಾಡಿ ಮಲಗಿದಳು.

ಹಾಗೆ ಮಲಗಿದ್ದರಿಂದಲೇ ಬಡಗಣ ದಿಕ್ಕು ಕಣ್ಣಿಗೆ ಬಿತ್ತು. ಯಲಹಂಕದ ಆಚೆ, ನಂದಿಯ ಕಡೆ, ಆಕಾಶ ಎಮ್ಮೆ ಬಣ್ಣಕ್ಕೆ ತಿರುಗಿತ್ತು. ದೂರದಲ್ಲಿ ಗುಡುಗು ಖಾಲಿ ಡ್ರಮ್ಮು ಉರುಳಿಸಿದ ಹಾಗೆ ಉರುಳಿತು. "ಬತ್ತು ಕಣ್ರವ್ವಾ!" ಎಂದು ಯಾರೋ ಕೂಗಿದರು. ಮಕ್ಕಳು ಕುಣಿದರು. ಮಳೆಗಿಂತ ಮೊದಲು ಬರುವುದು ಗಾಳಿ ಎನ್ನುವುದು ಅಂಜಿನಮ್ಮನಿಗೆ ಹೊಳೆಯಿತು. ಚಾಪೆ ಬಿಟ್ಟು ಎದ್ದಳು.

ಗಾಳಿ ಅವಳಿಗಿಂತ ಮುಂಚೆ ಬಂಡೆ ಮುಟ್ಟಿತು. ಹುಟ್ಟಿದಾಗಿನಿಂದ ಉಂಡಿದ್ದರೂ ಒಂದು ಒಲೆಯನ್ನೂ ಹೂಡಿರದ ಗಂಡಸರು ಒಲೆಯ ಬಾಯನ್ನು ನೆಟ್ಟಗೆ ಗಾಳಿಗೇ ಒಡ್ಡಿ ಕಲ್ಲಿಟ್ಟಿದ್ದರು. ಉರಿ ಹಿಂಬದಿಯಿಂದ ನಾಲಿಗೆ ಚಾಚಿ ಬಾದೆ ಹುಲ್ಲನ್ನು ನೆಕ್ಕಿತು. ನೆಕ್ಕಿದ್ದೇ ತಡ, ಪಟಪಟ ಎಂದು ಎದೆಯೆತ್ತರ ಎದ್ದಿತು. ಇನ್ನು ಹತ್ತು ಮಾರು ಹೋದರೆ ನೀಲಗಿರಿ ತೋಪು. ಅದರ ಕೆಳಗೆ ಊರು.

"ಸೊಪ್ಪು ಮುರೀರಿ! ಹೊಂಗೆ ಸೊಪ್ಪು!" ಅಂಜಿನಮ್ಮ ಕೂಗುತ್ತಲೇ ಓಡಿದಳು. "ಮುಬೀನಾ, ಡ್ರಮ್ಮು ಉರುಳ್ಸು!"

ಮುಬೀನ್ ಮಜ್ಜಿಗೆಯ ಡ್ರಮ್ಮನ್ನು ಇಳಿಜಾರಿಗೆ ತಳ್ಳಿದ. ತೋಪಿನ ಅಂಚಿನಲ್ಲಿ ಮಜ್ಜಿಗೆ ಬೆಳ್ಳಗೆ ಹರಿಯಿತು. ವನಿತಾ ಜಮಖಾನವನ್ನು ಪಾನಕದಲ್ಲಿ ಅದ್ದಿ ಎಳೆದುಕೊಂಡು ಬಂದು ಉರಿಯ ಮೇಲೆ ಹೊದಿಸಿದಳು. ಹೆಂಗಸರು, ಗಂಡಸರು, ಕೈಗೆ ಸಿಕ್ಕ ಹಸಿ ಕೊಂಬೆ ಹಿಡಿದು ಬಡಿದದ್ದೇ ಬಡಿದದ್ದು. ಚಿಕ್ಕಬೈರಪ್ಪನೊಬ್ಬ ಸಾರಿನ ಪಾತ್ರೆ ಎತ್ತಿಕೊಂಡು ಬಂಡೆಯಿಂದ ಬಂಡೆಗೆ ನೆಗೆಯುತ್ತಿದ್ದ.

"ಮಡಗಯ್ಯಾ ಅದನ್ನ!"

"ಚೆಲ್ಲೋಯ್ತದೆ ಕಣೇ!"

"ಉಯ್ಯಿ ಬೆಂಕಿ ಮ್ಯಾಲೆ!"

ಅವನು ಪಾತ್ರೆಯನ್ನೊಮ್ಮೆ ನೋಡಿದ, ಬೆಂಕಿಯನ್ನೊಮ್ಮೆ ನೋಡಿದ. ಸಾರು ಮಾತ್ರ ಸುರಿದ. ತುಂಡುಗಳನ್ನು ಮುಚ್ಚಳದಿಂದ ತಡೆದುಕೊಂಡ.

ಬೆಂಕಿ ತೋಪಿನ ಅಂಚು ಮುಟ್ಟುವುದರೊಳಗೆ ಆರಿತು. ಒಂದು ಮೂವತ್ತು-ನಲವತ್ತರ ಸೈಟಿನಷ್ಟು ನೆಲ ಕರ್ರಗಾಗಿತ್ತು. ಎಲ್ಲರ ಮುಖವೂ ಅಷ್ಟೇ ಕರ್ರಗಾಗಿತ್ತು. ಕೆಮ್ಮು ನಿಲ್ಲುವ ಮೊದಲೇ ಆಲಿಕಲ್ಲು ಸಿಡಿಯಿತು, ಅದರ ಬೆನ್ನಿಗೇ ಮಳೆ. ಬಿದ್ದ ಮಳೆಯೆಂದರೆ ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ. ಸಿಡಿಲಿಗೆ ಹೆದರಿ ಎಲ್ಲರೂ ಮರ ಬಿಟ್ಟು ಗುಡ್ಡದ ತಪ್ಪಲಿನ ಗುಡಿಯ ಹಜಾರಕ್ಕೆ ಓಡಿದರು.

"ನೋಡಿದ್ರಾ?" ಮುನಿರಾಮಯ್ಯ ಮೀಸೆಯಿಂದ ನೀರು ಹಿಂಡುತ್ತ ಹೇಳಿದ. "ಒಲೆ ಅಚ್ಚಿದ್ವಿ, ಒಗೆ ಮ್ಯಾಕೋಯ್ತು, ಮಳೆ ಬತ್ತು. ಬೆಂಕೀನೂ ಆ ಮಳೇನೇ ಆರಿಸ್ತು."

"ನಾವ್ ಆರಿಸಿದ್ ಮ್ಯಾಲೆ ಮಳೆ ಬಂದಿದ್ದು ಮಾವ" ಎಂದಳು ಅಂಜಿನಮ್ಮ. ಈ ವ್ಯಾಜ್ಯ ಸೀಗೆಕುಂಟೆಯಲ್ಲಿ ಇವತ್ತಿಗೂ ತೀರಿಲ್ಲ.

ಹೊಗೆ ಕಂಡು ಬೈಕಿನಲ್ಲಿ ನೆನೆಯುತ್ತ ಮಧುಶ್ರೀ ಬಂದಳು. ಹೆಲ್ಮೆಟ್ ತೆಗೆಯುವ ಮೊದಲೇ ಅವಳ ಕಣ್ಣು ಮಸಿ ಮೆತ್ತಿದ ಸೀರೆಯ ಅಂಜಿನಮ್ಮನ ಮೇಲೆ ಬಿತ್ತು. "ಅಷ್ಟು ಹೇಳಿದ್ನಲ್ಲಮ್ಮಾ, ಒಲೆ ಹಚ್ಚಬೇಡಿ ಅಂತ! ನೀವೇ ತಾನೆ ಎಲ್ಲರ ಮುಂದೆ ಒಪ್ಪಿಕೊಂಡಿದ್ದು? ಒಂದು ದಿನ ಅಡುಗೆ ಮಾಡ್ದೆ ಇರಕ್ಕಾಗಲ್ವಾ ನಿಮಗೆ?"

ಬೆಂಕಿಗಿಂತ ಈ ಮಾತು ಅಂಜಿನಮ್ಮನನ್ನು ಹೆಚ್ಚು ಸುಟ್ಟಿತು. ಒಲೆ ಎಂದರೆ ಹೆಂಗಸು ಎಂದು ಈ ಖಾಕಿ ತೊಟ್ಟ ಹುಡುಗಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿಜ ಹೇಳಿದರೆ ಗಂಡನ ಮೇಲೆ ಚಾಡಿ ಹೇಳಿದಂತಾಗುತ್ತದೆ. ಹೇಳದಿದ್ದರೆ ಒಂದು ದಿನ ಒಲೆ ಬಿಟ್ಟಿದ್ದದ್ದೂ ಒಲೆಯ ಲೆಕ್ಕಕ್ಕೇ ಹೋಗುತ್ತದೆ. ತಿರುಗಿ ಚಿಕ್ಕಬೈರಪ್ಪನನ್ನು ನೋಡಿದಳು.

ಅವನು ಇನ್ನೂ ಪಾತ್ರೆ ಹಿಡಿದೇ ನಿಂತಿದ್ದ. ಮುನಿರಾಮಯ್ಯ ಕಂಬ ನೋಡುತ್ತಿದ್ದ. ಉಳಿದವರು ಮಳೆ ನೋಡುತ್ತಿದ್ದರು.

"ಅವಳಲ್ಲ ಮೇಡಮ್ಮು" ಎಂದ ಚಿಕ್ಕಬೈರಪ್ಪ ಕೊನೆಗೆ. "ಅವಳು ಮನೀಕಂಡಿದ್ಲು. ಒಲೆ ಅಚ್ಚಿದ್ದು ನಾವು. ಬೇಯಿಸಾಕೆ ಬರಾಕಿಲ್ಲ, ಆದ್ರೂ ಅಚ್ಚಿದ್ವಿ."

"ಅವರು ಮಲಗಿದ್ರಾ?" ಮಧುಶ್ರೀಗೆ ಅದೇ ಹೆಚ್ಚು ಆಶ್ಚರ್ಯವಾದಂತಿತ್ತು. ಅಂಜಿನಮ್ಮನ ಕಡೆ ತಿರುಗಿ, "ತಪ್ಪಾಯ್ತಮ್ಮ" ಎಂದಳು. ಗಂಡಸರಿಗೆ ಆಮೇಲೆ ಸಿಕ್ಕ ಮಂಗಳಾರತಿ ಗುಡುಗಿಗಿಂತ ದೊಡ್ಡದಾಗಿತ್ತು. ಮುಂದಿನ ಹೊರಬೀಡಿಗೆ ಅವಳೇ ಬೆಳಿಗ್ಗೆಯಿಂದ ಸಂಜೆಯವರೆಗೆ ಗುಡ್ಡದಲ್ಲಿರುವುದಾಗಿಯೂ, ಪ್ರತಿ ಬುಟ್ಟಿ ಬಿಚ್ಚಿ ನೋಡುವುದಾಗಿಯೂ ಹೇಳಿ ಹೋದಳು.

ಒಮ್ಮೆ ಫಲ ಕೊಟ್ಟ ಪದ್ಧತಿಯನ್ನು ಬಿಡಲಾದೀತೇ? ಮಳೆ ಕೈಕೊಡಲಿ ಬಿಡಲಿ, ಇನ್ನು ವರ್ಷಾವರ್ಷ ಹೊರಬೀಡು ಎಂದು ಮುನಿರಾಮಯ್ಯ ತೀರ್ಮಾನಿಸಿದ. ಮುಂದಿನ ಬೇಸಿಗೆ ಜಗಲಿಯ ಮೇಲೆ ಊರು ಮತ್ತೆ ಸೇರಿದಾಗ ಅವನು ಬಹಳ ದೊಡ್ಡ ಮನಸ್ಸಿನಿಂದ, "ಒಲೆ ಬ್ಯಾಡ. ಅಂಜಿನಮ್ಮ ಏಳ್ದಂಗೆ ಕೋಸಂಬರೀನೇ ಆಗ್ಲಿ. ಈ ಸಲ ಒಸಿ ಜಾಸ್ತಿ ಮಾಡ್ರವ್ವ" ಎಂದ. ಗಂಡಸರು ತಲೆದೂಗಿದರು.

ವನಿತಾ ಅತ್ತೆಯನ್ನು ಮೊಣಕೈಯಿಂದ ತಿವಿದಳು. ತಿವಿಯುವ ಅಗತ್ಯವಿರಲಿಲ್ಲ.

"ನಾವ್ ಮಾಡಲ್ಲ ಮಾವ" ಎಂದಳು ಅಂಜಿನಮ್ಮ. "ನಾವು ಗುಡ್ಡದಾಗೆ ಬಡಿಸ್ತೀವಿ. ಸೋಮ್ವಾರದ ಕೆಲ್ಸ ಗಂಡಸ್ರದ್ದು."

"ಗಂಡಸ್ರಿಗೆ ಬರ್ತದಾ ಅದು?"

"ಬೆಂಕಿ ಇಲ್ವಲ್ಲ, ಸುಡಾಕಿಲ್ಲ. ಕಲೀಲಿ."

ಗದ್ದಲವಾಯಿತು. ಆದರೆ ಹೋದ ಸಲದ ಒಲೆಯ ನೆನಪು ಎಲ್ಲರಿಗೂ ಇದ್ದುದರಿಂದ ಯಾರ ಗಂಟಲೂ ಬಹಳ ಏರಲಿಲ್ಲ.

ಹಾಗಾಗಿ ಆ ಸೋಮವಾರ ಮಧ್ಯಾಹ್ನ, ರಾಮಮಂದಿರದ ಜಗಲಿಯ ಮೇಲೆ, ಸೀಗೆಕುಂಟೆಯ ಗಂಡಸರು ಈಳಿಗೆಮಣೆಯ ಮುಂದೆ ಕೂತರು. ಬೀದಿಯ ಬಾಡಿಗೆದಾರರು ಮಹಡಿಗಳಿಂದ ಬಗ್ಗಿ ಫೋಟೊ ತೆಗೆದರು. ಅಂಜಿನಮ್ಮ ಎದುರಿನ ಕಟ್ಟೆಯಲ್ಲಿ ಕೂತು ನೋಡುತ್ತಿದ್ದಳು. ಚಿಕ್ಕಬೈರಪ್ಪ ಸೌತೆಕಾಯಿಯನ್ನು ಹಸುವಿಗೆ ಹಾಕುವ ಹೋಳುಗಳಾಗಿ ಹೆಚ್ಚುತ್ತಿದ್ದ. ತೊಟ್ಟು ತೆಗೆದು ತಿಕ್ಕಲಿಲ್ಲ, ಕಹಿ ನೋಡಲಿಲ್ಲ. ಅವಳ ಕೈ ತಾನಾಗಿ ಎದ್ದಿತು. ಎರಡು ನಿಮಿಷ ಕೊಟ್ಟರೆ ಬುಟ್ಟಿಯನ್ನೇ ಮುಗಿಸಿಬಿಡುತ್ತಿದ್ದಳು. ಎದ್ದ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು. ಕಾವಲಿಯ ಮುಂದೆ ನಿಲ್ಲುವುದಕ್ಕಿಂತ ಇದು ಕಷ್ಟದ ಕೆಲಸವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಲೇ, ಉಪ್ಪು ಈಗ್ಲೇ ಆಕದಾ, ನಾಳೆ ಆಕದಾ?" ಚಿಕ್ಕಬೈರಪ್ಪ ಬೀದಿಯಾಚೆಯಿಂದ ಕೂಗಿದ.

ಅವಳ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. "ಇಷ್ಟ್ ವರ್ಷ ತಿಂದಿದ್ದೀಯಲ್ಲ, ಯೋಚ್ನೆ ಮಾಡು" ಎಂದು ಎದ್ದು, ಸೆರಗು ಕೊಡವಿ, ಮನೆಗೆ ಹೋಗಿ ಮಲಗಿದಳು.

ಅವನು ಆಗಲೇ ಹಾಕಿದ. ಮಾರನೆಯ ದಿನ ಗುಡ್ಡದ ಮೇಲೆ ಕೋಸಂಬರಿ ನೀರು ಬಿಟ್ಟುಕೊಂಡು ಸಾರಿನ ಹಾಗೆ ಎಲೆಯ ತುಂಬ ಹರಿದಾಡಿತು. ನಡುನಡುವೆ ಕಹಿ ಹೋಳು ಬೇರೆ. ಅಂಜಿನಮ್ಮ ಎರಡು ಸಲ ಹಾಕಿಸಿಕೊಂಡು ತಿಂದಳು.